ನೆರಳು ಕಳೆದುಕೊಂಡ ಹುಡುಗಿಯೂ ನನ್ನ ಪೂರ್ಣವಿರಾಮಗಳೂ

ಕೆಲವರ ಕಸುಬು ಅವರ ಹಿಂದೆಯೇ ಮನೆಯೊಳಕ್ಕೂ ಬಂದುಬಿಡುತ್ತದೆ. ನಮ್ಮ ಬೀದಿಯ ಹಿಟ್ಟಿನ ಗಿರಣಿಯವರು ರೇಷ್ಮೆ ಪಂಚೆ ಉಟ್ಟು ಮದುವೆಗೆ ಬಂದರೂ ಅವರ ಹುಬ್ಬಿನ ಮೇಲೆ ರಾಗಿಹಿಟ್ಟು ಇದ್ದೇ ಇರುತ್ತದೆ. ಕಬ್ಬಿನ ಲಾರಿ ಓಡಿಸುವ ನನ್ನ ಮೈದುನ ಅಡುಗೆಮನೆ ಬಾಗಿಲಲ್ಲಿ ಯಾರಾದರೂ ಅಡ್ಡ ನಿಂತಿದ್ದರೆ ಬಾಯಲ್ಲೇ ಹಾರ್ನ್ ಹೊಡೆಯುತ್ತಾನೆ. ನನ್ನ ಕೆಲಸ ಮನೆಗೆ ಬರುವುದೂ ಬಾಯಿಯ ಮೂಲಕವೇ. ನಾನು ಕರಡು ತಿದ್ದುವವಳು. ಪುಸ್ತಕ ಅಚ್ಚಾಗುವ ಮೊದಲು ಅದರ ತಪ್ಪುಗಳನ್ನು ಹೆಕ್ಕಿ ತೆಗೆಯುವುದು ನನ್ನ ಉದ್ಯೋಗ. ಪುಸ್ತಕ ಚೆನ್ನಾಗಿದ್ದರೆ ಜನ ಲೇಖಕರನ್ನು ಹೊಗಳುತ್ತಾರೆ, ತಪ್ಪು ಉಳಿದಿದ್ದರೆ ಮಾತ್ರ ನನ್ನನ್ನು ನೆನೆಯುತ್ತಾರೆ. ಹಿಂದೆ ಅಚ್ಚುಕೂಟದಲ್ಲಿ ಈ ಕೆಲಸಕ್ಕೆ ಇಬ್ಬರು ಕೂರುತ್ತಿದ್ದೆವು. ಒಬ್ಬರು ಮೂಲಪ್ರತಿಯನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಹಾಳೆಯ ಮೇಲೆ ಗುರುತು ಹಾಕಬೇಕು. ‘ರಾಮಣ್ಣ ಅಲ್ಪವಿರಾಮ ಎಮ್ಮೆಯನ್ನು ಕಟ್ಟಿ ಬಂದ ಪೂರ್ಣವಿರಾಮ’ ಎಂದು ಓದಿಕೊಂಡೇ ನನ್ನ ಯೌವನ ಕಳೆಯಿತು. ಈಗ ಎಲ್ಲ ಕಂಪ್ಯೂಟರಿನಲ್ಲಿ ಆಗುತ್ತದೆ, ಎದುರಿಗೆ ಕೂರುವವರು ಯಾರೂ ಇಲ್ಲ. ಆದರೂ ಗಟ್ಟಿಯಾಗಿ ಓದದಿದ್ದರೆ ನನಗೆ ತಪ್ಪು ಕಾಣುವುದಿಲ್ಲ. ಈ ಅಭ್ಯಾಸದಿಂದ ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ. ಈ ಬೇಸಗೆಯಲ್ಲಿ ಆಯಿತು. ಅದನ್ನು ನೆನೆದರೆ ಈಗ ನಗು ಬರುತ್ತದೆ, ಆದರೆ ಮಟಮಟ ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇರುವಾಗ ಬರುವುದಿಲ್ಲ.

ನನ್ನ ಓದಿಗೆ ಇರುವ ಒಬ್ಬರೇ ಕೇಳುಗರು ನಮ್ಮ ಅತ್ತೆ ಚಿಕ್ಕತಾಯಮ್ಮ. ಪೂರಿಗಾಲಿಯ ಮಗಳು, ಮಂಡ್ಯದ ಸೊಸೆ. ಮಂಡ್ಯಕ್ಕೆ ಬಂದು ಇಷ್ಟು ಕಾಲವಾದರೂ ಇಲ್ಲಿಯ ನೀರು ರುಚಿಯಿಲ್ಲ ಎಂಬ ಅಭಿಪ್ರಾಯವನ್ನು ಬಿಟ್ಟುಕೊಟ್ಟಿಲ್ಲ. ನಾನು ಓದಲು ಕೂತರೆ ಅವರೂ ಕೈಗೊಂದು ಕೆಲಸ ಹಿಡಿದು ಎದುರಿಗೆ ಕೂರುತ್ತಾರೆ. ಏನು ಓದಿದರೂ ಕೇಳುತ್ತಾರೆ. ಕಬ್ಬಿನ ಗೊಣ್ಣೆಹುಳು ನಿಯಂತ್ರಣದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಕಡೆಯ ಅಧ್ಯಾಯದಲ್ಲಿ ಔಷಧಿ ಹೊಡೆದಾಗ ಆ ಹುಳುವಿಗಾಗಿ ಮರುಗಿದವರು ಅವರು. ಕಥೆ, ವರದಿ, ಸಂಶೋಧನೆ ಎಂಬ ಭೇದ ಅವರಿಗಿಲ್ಲ. ಸೊಸೆ ಕನ್ನಡಕ ಹಾಕಿಕೊಂಡು ಓದಿದ್ದೆಲ್ಲ ಎಲ್ಲೋ ನಡೆದದ್ದು, ಅಷ್ಟೇ. ನಾನು ಒಂದೆರಡು ಸಲ ಬಿಡಿಸಿ ಹೇಳಲು ಹೋಗಿ, ನನಗೇ ಸರಿಯಾಗಿ ಹೇಳಲು ಬಾರದೆ ಸುಮ್ಮನಾಗಿದ್ದೆ.

ಹೀಗಿರುವಾಗ ಒಂದು ದಿನ ನಾನು ಕೆಲಸ ಮಾಡಿಕೊಡುವ ಪ್ರಕಾಶಕರು ಫೋನ್ ಮಾಡಿದರು. ‘ಒಂದು ಕಾದಂಬರಿ ಇದೆ. ಮಕ್ಕಳದ್ದೂ ಅಲ್ಲ, ದೊಡ್ಡವರದ್ದೂ ಅಲ್ಲ, ನಡುವಿನ ವಯಸ್ಸಿನವರದ್ದು. ಜಿನ್ ಬರುತ್ತೆ, ಮಾಯೆ ಬರುತ್ತೆ. ಇಬ್ಬರು ಮುಸ್ಲಿಂ ಹುಡುಗಿಯರು, ಒಬ್ಬರನ್ನೊಬ್ಬರು ಪ್ರೀತಿಸ್ತಾರೆ. ನಿಮಗೇನೂ ಅಡ್ಡಿಯಿಲ್ಲ ತಾನೆ?’ ಎಂದು ಕೇಳಿದರು. ನನಗೆ ಕೋಪ ಬಂತು. ನನ್ನ ವಿಶಾಲ ಮನಸ್ಸಿನ ಬಗ್ಗೆ ನನಗೆ ಬಹಳ ಹಿಂದಿನಿಂದ ಒಳ್ಳೆಯ ಅಭಿಪ್ರಾಯವಿದೆ, ಅದನ್ನು ಉಪಯೋಗಿಸುವ ಸಂದರ್ಭ ಮಾತ್ರ ಬಂದಿರಲಿಲ್ಲ. ‘ನನ್ನನ್ನು ಏನೆಂದುಕೊಂಡಿದ್ದೀರಿ, ಕಳಿಸಿ’ ಎಂದೆ. ಹಾಳೆಗಳನ್ನು ಲೇಖಕಿಯೇ ತಂದುಕೊಟ್ಟಳು. ಹೆಸರು ಶಾಹೀನ್. ಮದ್ದೂರಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್, ಮದುವೆಯಾಗಿಲ್ಲ, ಮಾತು ಕಡಿಮೆ. ಕಾಫಿ ಕುಡಿದು ಲೋಟವನ್ನು ತಾನೇ ಬಚ್ಚಲಿಗೆ ಒಯ್ದು ತೊಳೆಯಲು ಹೋಗಿ ಅತ್ತೆಯವರ ಕೈಯಲ್ಲಿ ಬೈಸಿಕೊಂಡಳು. ಹೊರಡುವಾಗ, ‘ಕಡೇ ಅಧ್ಯಾಯ ಇಲ್ಲ ಮೇಡಂ. ಹೊಳೆದಿಲ್ಲ. ಅಷ್ಟರೊಳಗೆ ಉಳಿದದ್ದು ತಿದ್ದಿರಿ’ ಎಂದಳು.

ಕಥೆ ಹೀಗಿತ್ತು. ಮಳವಳ್ಳಿಯಂಥ ಒಂದು ಊರು, ಊರಾಚೆ ನಾಲೆ, ನಾಲೆಗೊಂದು ತೂಬು. ಹತ್ತನೇ ಕ್ಲಾಸು ಮುಗಿಸಿದ ಮೆಹರ್ ಎಂಬ ಹುಡುಗಿ ಒಂದು ಮಧ್ಯಾಹ್ನ ಗೆಳತಿ ಜೈನಬ್ ಜೊತೆ ನಾಲೆಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಜೈನಬ್ ಏನೋ ನೆನೆಸಿಕೊಂಡು ನಗುತ್ತಾಳೆ. ಮೆಹರ್ ಎದ್ದು ಮನೆಗೆ ಹೊರಡುತ್ತಾಳೆ, ಅವಳ ನೆರಳು ಏಳುವುದಿಲ್ಲ. ಅದು ಅಲ್ಲೇ ಜೈನಬ್‌ಳ ನೆರಳಿನ ಪಕ್ಕ ಕೂತಿರುತ್ತದೆ. ಆವತ್ತಿನಿಂದ ಒಬ್ಬಳಿಗೆ ಎರಡು ನೆರಳು, ಇನ್ನೊಬ್ಬಳಿಗೆ ಒಂದೂ ಇಲ್ಲ. ಮೆಹರ್ ಬಿಸಿಲಿಗೆ ಬರುವಂತಿಲ್ಲ. ಗೋಡೆಯ ಮಗ್ಗುಲಲ್ಲಿ, ಮರದಡಿಯಲ್ಲಿ, ಕೊಡೆ ಹಿಡಿದು ಓಡಾಡುತ್ತಾಳೆ. ಮೋಡವಾದ ದಿನ ಮಾತ್ರ ಬೀದಿಯ ನಡುವೆ ನಡೆಯುತ್ತಾಳೆ. ತೂಬಿನೊಳಗೆ ಒಂದು ಜಿನ್ ಇದೆ, ಹೊಗೆಯಿಲ್ಲದ ಬೆಂಕಿಯದ್ದು, ಒಡೆಯರಿಲ್ಲದ ನೆರಳುಗಳನ್ನು ಕೂಡಿಡುವುದು ಅದರ ಚಟ. ಅದು ಹೇಳುತ್ತದೆ: ‘ಜೈನಬ್ ನನಗೆ ಯಾರೂ ಅಲ್ಲ ಎಂದು ನಡುಬಿಸಿಲಲ್ಲಿ ನಿಂತು ಕೂಗು, ನೆರಳು ವಾಪಸ್ ಬರುತ್ತದೆ. ಹಾಗೆ ಕೂಗದೆ, ನೆರಳಿಲ್ಲದೆ ಬೇರೆಯವರ ಜೊತೆ ಮದುವೆಯಾದರೆ ನೀನು ನನ್ನವಳು.’ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಹಾಳೆಗಳು ಅಲ್ಲಿಗೆ ಮುಗಿದಿದ್ದವು.

ಓದಲು ನನಗೆ ಸಿಗುತ್ತಿದ್ದುದು ಮಧ್ಯಾಹ್ನ ಮಾತ್ರ. ಏಪ್ರಿಲ್ ತಿಂಗಳ ಮಂಡ್ಯದ ಮಧ್ಯಾಹ್ನವೆಂದರೆ ನಿಮಗೆ ಗೊತ್ತಲ್ಲ, ನಾಯಿಯೂ ಬೊಗಳುವುದಿಲ್ಲ. ಕರೆಂಟು ಹೋಗಿರುತ್ತದೆ, ಫ್ಯಾನು ನಿಂತಿರುತ್ತದೆ, ದೂರದಲ್ಲಿ ಯಾವುದೋ ಟ್ರ್ಯಾಕ್ಟರಿನ ಸದ್ದು ಹತ್ತಿರವೂ ಬರದೆ ದೂರವೂ ಹೋಗದೆ ಒಂದೇ ಸಮ ಕೇಳುತ್ತಿರುತ್ತದೆ. ನಮ್ಮ ಮನೆಯ ಮುಂದಿನ ಅರ್ಧ ತಾರಸಿ, ಹಿಂದಿನ ಅರ್ಧ ಹಳೆಯ ಹೆಂಚು. ಹೆಂಚಿನ ನಡುವೆ ಒಂದು ಗಾಜಿನ ಹೆಂಚಿದೆ. ಆ ಹೊತ್ತಿಗೆ ಅದರಿಂದ ಒಂದು ತುಂಡು ಬಿಸಿಲು ನೆಲದ ಮೇಲೆ ಬೀಳುತ್ತದೆ. ಅತ್ತೆ ಅದರ ಪಕ್ಕದಲ್ಲಿ ಮೊರ ಇಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು, ನಾನು ಓದುತ್ತಿದ್ದೆ. ಮೆಹರ್‌ಳ ಮನಸ್ಸು ಜೈನಬ್ ಮೇಲಿದೆ ಎಂದು ಸ್ಪಷ್ಟವಾಗುವ ಪುಟ ಬಂದಾಗ ನನಗೆ ಒಳಗೊಳಗೇ ಅಳುಕಾಯಿತು. ಅತ್ತೆ ಏನಾದರೂ ಅಂದರೆ ಹೇಳಬೇಕೆಂದು ಕಾಲ ಬದಲಾಗಿರುವುದರ ಬಗ್ಗೆ, ಮನುಷ್ಯರ ಮನಸ್ಸಿನ ಬಗ್ಗೆ ಒಂದು ಸಣ್ಣ ಭಾಷಣವನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅವರು ಕೈ ನಿಲ್ಲಿಸಿ ಕೇಳಿದರು.

‘ಆ ಮೆಹರೂಗೆ ಇನ್ನೊಂದು ಹುಡ್ಗಿ ಮ್ಯಾಲೆ ಮನ್ಸಾ?’

‘ಹೌದತ್ತೆ,’ ಎಂದೆ, ಭಾಷಣದ ಮೊದಲ ವಾಕ್ಯವನ್ನು ನಾಲಿಗೆಯ ತುದಿಗೆ ತಂದುಕೊಂಡು.

‘ಅದ್ಕೇ ನೆರಳು ಎದ್ದಿಲ್ಲ ಬುಡು. ಮುಂದುಕ್ಕೆ ಓದು ಕಣಮ್ಮ, ಆ ತೂಬಿನ್ ಮುನಿ ಏನಂದ?’

ಜಿನ್ನನ್ನು ಅವರು ಮೊದಲ ದಿನದಿಂದಲೇ ನಮ್ಮ ಕಡೆ ಮರ, ತೋಪುಗಳಲ್ಲಿ ಇರುವ ದೆವ್ವ ಮುನಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಭಾಷಣ ನನ್ನಲ್ಲೇ ಉಳಿಯಿತು. ಬೇರೆ ಯಾರಿಗಾದರೂ ಬೇಕಿದ್ದರೆ ಕೊಡಬಲ್ಲೆ.

ಆ ದಿನವೋ ಮರುದಿನವೋ ನಡೆದದ್ದು ಇದು. ಜಿನ್ ತೂಬಿನಿಂದ ಕೈ ಚಾಚಿ ನೆರಳಿನ ಅಂಚನ್ನು ಹಿಡಿಯುವ ಭಾಗವನ್ನು ಓದುತ್ತಿದ್ದೆ. ಕಣ್ಣು ಹಾಳೆಯಿಂದ ಜಾರಿ ನೆಲದ ಬಿಸಿಲಿನ ತುಂಡಿಗೆ ಹೋಯಿತು. ಅಲ್ಲಿ ಅತ್ತೆಯವರ ಕೈಯ ನೆರಳಿತ್ತು, ಪೆನ್ನು ಹಿಡಿದ ನನ್ನ ಕೈಯ ನೆರಳಿತ್ತು. ಮೊರದ ಆಚೆ ಇನ್ನೊಂದು ಕೈಯ ನೆರಳಿತ್ತು. ಬೆರಳು ಬಿಡಿಸಿಕೊಂಡು ನೆಲದ ಮೇಲೆ ಊರಿಕೊಂಡಿತ್ತು. ಯಾರೋ ಕೂತು ಕಥೆ ಕೇಳುವಾಗ ಕೈ ಊರುತ್ತಾರಲ್ಲ, ಆ ರೀತಿ. ನನ್ನ ಬಾಯಿ ಮಾತ್ರ ಓದುತ್ತಲೇ ಇತ್ತು, ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಹೇಳುತ್ತಲೇ ಇತ್ತು. ತಲೆ ಎತ್ತಿ ನೋಡಿದೆ, ಯಾರೂ ಇರಲಿಲ್ಲ. ಮತ್ತೆ ನೆಲ ನೋಡಿದೆ, ಎರಡೇ ಕೈ. ಹೆಂಚಿನ ಮೇಲೆ ಕಾಗೆ ಕರಕರ ಎಂದು ಉಗುರು ಕೆರೆದ ಸದ್ದು ಕೇಳಿ, ಓ, ಕಾಗೆಯ ನೆರಳು ಎಂದು ಸಮಾಧಾನ ಮಾಡಿಕೊಂಡು ಪುಟ ತಿರುಗಿಸಿದೆ. ಕಾಗೆಗೆ ಅಷ್ಟುದ್ದದ ಐದು ಬೆರಳು ಇರುವುದಿಲ್ಲವೆಂದು ಹೊಳೆದದ್ದು ಸಂಜೆ ಕಾಫಿ ಸೋಸುವಾಗ. ಅತ್ತೆಗೆ ಹೇಳಲಿಲ್ಲ. ಹೇಳಿದರೆ ಮೆಣಸಿನಕಾಯಿ, ಉಪ್ಪು ಹಿಡಿದು ನನಗೆ, ಹಾಳೆಗಳಿಗೆ, ಕನ್ನಡಕಕ್ಕೆ ದೃಷ್ಟಿ ತೆಗೆದು ಮನೆಯೆಲ್ಲ ಕೆಮ್ಮಿಸುತ್ತಿದ್ದರು.

ಅದೇ ವಾರ ಪೂರಿಗಾಲಿಯಲ್ಲಿ ಅತ್ತೆಯವರ ತಮ್ಮನ ಮೊಮ್ಮಗನ ಬೀಗರೂಟ. ನಮ್ಮ ಕಡೆ ಮದುವೆಗೆ ಹೋಗದಿದ್ದರೂ ಕ್ಷಮೆಯುಂಟು, ಬೀಗರೂಟಕ್ಕೆ ಹೋಗದಿದ್ದರೆ ಸಂಬಂಧವೇ ಹೋದಂತೆ. ಮಳವಳ್ಳಿ, ಮದ್ದೂರು, ಕೊತ್ತತ್ತಿ ಎಲ್ಲ ಕಡೆಯಿಂದ ನೆಂಟರು ಬಂದು ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರಿನ ಮುಂದೆ ಕೂರುತ್ತಾರೆ. ಪಂಕ್ತಿ ಮುಗಿಯುವವರೆಗೂ ಮಾತು ಬೇಕಲ್ಲ. ಅತ್ತೆ ಬೆಳಗ್ಗೆ ಹೋಗಿ ಸಂಜೆ ಬಂದರು, ಬಹಳ ತೃಪ್ತಿಯಾಗಿದ್ದರು. ಊಟ ಚೆನ್ನಾಗಿತ್ತೇನೋ ಎಂದುಕೊಂಡೆ.

ಆಮೇಲೆ ಒಂದು ಬೆಳಗ್ಗೆ ಕೊತ್ತತ್ತಿಯಿಂದ ಸೊಪ್ಪು ತರುವ ಗೌರಮ್ಮ ಬಾಗಿಲಲ್ಲಿ ಬುಟ್ಟಿ ಇಳಿಸಿ, ದಂಟಿನ ಸೊಪ್ಪಿನ ಕಟ್ಟು ಕೊಡವುತ್ತಾ ಹೇಳಿದಳು. ‘ಅಕ್ಕಾ, ಕೇಳುದ್ರಾ? ಮಳವಳ್ಳಿ ತಾವ ಯಾರೋ ಸಾಬ್ರ ಹುಡ್ಗಿಗೆ ನೆರಳೇ ಬೀಳಲ್ವಂತೆ. ಅವಳ್ ನೆರಳು ಇನ್ನೊಂದು ಹುಡ್ಗಿ ತಾವ ಓಗಿ ಸೇರ್ಕಂಡದಂತೆ. ನಮ್ ಭಾವ ಅವರ ಕಡೇರೇ ಕಣ್ಣಾರೆ ನೋಡವ್ರಂತೆ.’

ಬುದ್ಧಿ ಇರುವ ಯಾರಾದರೂ ಆ ಕ್ಷಣದಲ್ಲೇ ತಿರುಗಿ ಅತ್ತೆಯ ಮುಖ ನೋಡುತ್ತಿದ್ದರು. ನನಗೆ ಹೊಳೆದದ್ದೇ ಬೇರೆ. ಶಾಹೀನ್ ಬರೆದದ್ದು ಕಲ್ಪನೆಯಲ್ಲ, ನಿಜವಾಗಿ ನಡೆದದ್ದನ್ನೇ ಕಾದಂಬರಿ ಎಂದು ಹೇಳಿ ನನ್ನ ಕೈಗೆ ಕೊಟ್ಟಿದ್ದಾಳೆ ಎಂದುಕೊಂಡೆ. ನೆಲದ ಮೇಲೆ ಊರಿದ್ದ ಆ ಕೈ ನೆನಪಾಯಿತು. ಗೌರಮ್ಮ ಹೊರಟಾಗ ನನಗೆ ಗೊತ್ತಿಲ್ಲದೆಯೇ ಅವಳ ಕಾಲ ಬಳಿ ನೋಡಿದೆ. ನೆರಳು ಬುಟ್ಟಿ ಹೊತ್ತುಕೊಂಡು ಅವಳ ಜೊತೆಯಲ್ಲೇ ಹೋಯಿತು. ಆವತ್ತಿನಿಂದ ಇದೊಂದು ಕಾಯಿಲೆಯಾಯಿತು. ಪೇಟೆ ಬೀದಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮುಖ ನೋಡುವುದನ್ನು ಬಿಟ್ಟು ಎಲ್ಲರ ಕಾಲು ನೋಡತೊಡಗಿದೆ. ನಾನೊಬ್ಬಳೇ ಅಲ್ಲ. ಬಿಸಿಲಲ್ಲಿ ನಿಂತ ಜನ ಮಾತಿನ ನಡುವೆ ಥಟ್ಟನೆ ಒಮ್ಮೆ ನೆಲ ನೋಡಿಕೊಂಡು, ಏನೂ ಆಗದವರ ಹಾಗೆ ಮಾತು ಮುಂದುವರಿಸುವುದನ್ನು ಕಂಡೆ. ಅದನ್ನು ಕಂಡು ನನಗೆ ಇನ್ನಷ್ಟು ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಶಾಹೀನ್, ಕೊಡೆ ಹಿಡಿದು ನಿಂತಿದ್ದಳು. ನನ್ನ ಕಣ್ಣು ಅವಳ ಕಾಲಿಗೆ ಹೋಯಿತು, ಕೊಡೆಯ ನೆರಳಿನಲ್ಲಿ ಏನೂ ಗೊತ್ತಾಗಲಿಲ್ಲ. ಒಳಗೆ ಬಂದು ಕೂತಳು. ಮುಖ ಬಾಡಿತ್ತು, ಕೊಟ್ಟ ನೀರನ್ನು ಕುಡಿಯದೆ ಹಿಡಿದುಕೊಂಡೇ ಇದ್ದಳು.

‘ಮೇಡಂ, ನನ್ನ ಕಥೆ ಯಾರಿಗಾದರೂ ಕೊಟ್ಟಿದ್ರಾ?’

‘ಛೆ, ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೀನಮ್ಮ. ಅದಿರಲಿ, ಆ ಹುಡುಗಿ ನಿಜವಾಗಿ ಇದ್ದಾಳಾ?’

‘ಬಸ್ಸಲ್ಲಿ ಒಬ್ಬರು ಅಜ್ಜಿ ಪಕ್ಕದವರಿಗೆ ಹೇಳ್ತಿದ್ರು. ನೆರಳು ಕಳ್ಕೊಂಡ ಹುಡುಗಿ, ನಾಲೆ, ತೂಬು, ಎಲ್ಲ ನಾನು ಬರೆದದ್ದೇ. ನಾನು ಬರೆದದ್ದನ್ನ ಬೇರೆಯವರ ಬಾಯಲ್ಲಿ ನಡೆದದ್ದು ಅಂತ ಕೇಳಿದಾಗ ನಾನೇ ಎಲ್ಲೋ ನೋಡಿ ಬರೆದೆನಾ ಅನ್ನಿಸ್ತು. ಆಮೇಲೆ ಆ ಅಜ್ಜಿ, ನೆರಳು ಹಿಡಿಯೋವಾಗ ತೂಬಿನ ಜಿನ್ ಒಂದು ಮಂತ್ರ ಹೇಳ್ತದೆ ಅಂದ್ರು.’

‘ಏನು ಮಂತ್ರ?’

‘ಪೂರ್ಣವಿರಾಮ.’

ಒಳಗೆ ಅತ್ತೆ ಹುಣಸೆಬೀಜವನ್ನು ಡಬ್ಬಿಗೆ ಸುರಿದ ಸದ್ದು ಕೇಳಿಸಿತು. ನನ್ನ ಮುಖ ಯಾವ ಬಣ್ಣಕ್ಕೆ ತಿರುಗಿತೋ ಗೊತ್ತಿಲ್ಲ. ಶಾಹೀನ್ ನಗಬೇಕಾಗಿತ್ತು, ನಗಲಿಲ್ಲ. ತಲೆ ತಗ್ಗಿಸಿ ನಿಧಾನಕ್ಕೆ ಹೇಳಿದಳು. ಮಳವಳ್ಳಿಯಲ್ಲಿ ತಸ್ಲೀಮ ಎಂಬವಳಿದ್ದಾಳೆ. ಕಾಲೇಜಿನಿಂದ ಜೊತೆ. ಎಲ್ಲರಿಗೂ ಗೆಳತಿ ಎಂದೇ ಗೊತ್ತು, ಅವರಿಬ್ಬರಿಗೆ ಮಾತ್ರ ಬೇರೆ ಗೊತ್ತು. ತಸ್ಲೀಮಳನ್ನು ನೋಡಲು ಬರುವ ಭಾನುವಾರ ಗಂಡಿನ ಕಡೆಯವರು ಬರುತ್ತಿದ್ದಾರೆ. ಈ ಸುದ್ದಿ ಅವಳ ಬೀದಿಯವರೆಗೂ ಹೋಗಿದೆ. ಮನೆಮನೆಯಲ್ಲಿ ತಾಯಂದಿರು ಏನಾದರೂ ನೆಪ ಮಾಡಿ ಹೆಣ್ಣುಮಕ್ಕಳನ್ನು ಬಿಸಿಲಿಗೆ ಕಳಿಸಿ ನೋಡುತ್ತಿದ್ದಾರೆ. ‘ಪುಸ್ತಕ ಬಂದು, ಬರೆದವಳು ನಾನು ಅಂತ ಗೊತ್ತಾದ್ರೆ, ಆ ಇನ್ನೊಬ್ಬಳು ಯಾರು ಅಂತ ಕೇಳೇ ಕೇಳ್ತಾರೆ. ಅವಳನ್ನ ನಾನೇ ಬೀದಿಗೆ ತಂದು ನಿಲ್ಲಿಸಿದ ಹಾಗಾಗುತ್ತೆ. ಹಾಳೆ ಕೊಟ್ಟುಬಿಡಿ ಮೇಡಂ, ಪುಸ್ತಕ ಬೇಡ.’

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ತಪ್ಪು ಹುಡುಕುವುದು ನನ್ನ ಕೆಲಸ, ಇಲ್ಲಿ ನೋಡಿದರೆ ನನ್ನ ಬಾಯಿಯೇ ತಪ್ಪು. ಬೀಗ ಹಾಕಿದ್ದು ಬೀರುವಿಗೆ, ತೆರೆದೇ ಇದ್ದದ್ದು ನನ್ನ ಬಾಯಿ. ಎದ್ದು ಹೋಗಿ ಹಾಳೆಗಳನ್ನು ತಂದೆ. ಕೊಡುವಾಗ ಕೈ ಬರಲಿಲ್ಲ, ಅವಳಿಗೂ ತೆಗೆದುಕೊಳ್ಳಲು ಬರಲಿಲ್ಲ. ಒಂದು ಗಳಿಗೆ ಆ ಕಟ್ಟನ್ನು ಇಬ್ಬರೂ ಹಿಡಿದುಕೊಂಡು ನಿಂತಿದ್ದೆವು. ಆಗ ಅವಳು, ‘ಇನ್ನೊಂದು ಕೇಳಬೇಕಿತ್ತು. ಆ ಅಜ್ಜಿ, ನೆರಳು ನಡೆಯೋವಾಗ ಅದರ ಕೈಬಳೆ ಸದ್ದು ಮಾಡ್ತದೆ ಅಂದ್ರು. ಅದನ್ನ ನಾನು ಬರೆದಿದ್ದೆ. ಅತಿಯಾಯ್ತು ಅನ್ನಿಸಿ, ನಿಮಗೆ ಕೊಡೋ ಮೊದಲೇ ತೆಗೆದುಹಾಕಿದೆ. ಯಾರಿಗೂ ತೋರಿಸಿಲ್ಲ. ತಸ್ಲೀಮಗೂ ಹೇಳಿಲ್ಲ. ಅದು ಹೇಗೆ ಹೊರಗೆ ಹೋಯ್ತು?’ ಎಂದಳು.

ನಾನು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ನೆರಳಿಗೆ ಬಳೆ ಎಲ್ಲಿಯೂ ಇರಲಿಲ್ಲ. ಅತ್ತೆಯನ್ನು ಕೂಗಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಶಾಹೀನ್‌ಳ ಎದುರು ಗೋಡೆಗೆ ಒರಗಿ ಕೂತರು. ಬೀಗರೂಟದಲ್ಲಿ ಹೇಳಿದಿರಾ ಎಂದು ಕೇಳಿದೆ. ‘ಊಂ, ಯೋಳ್ದೆ. ನಡ್ದಿದ್ ಯೋಳಕ್ಕೇನು?’ ಎಂದರು. ಬಳೆಯ ಮಾತು ನಿಮಗೆ ಯಾರು ಹೇಳಿದರು ಎಂದೆ.

‘ನೀನೇ ಓದ್ದಲ್ಲ ಕಣಮ್ಮ. ನೆರಳು ಮೆಟ್ಲು ಇಳೀವಾಗ ಬಳೆ ಘಲ್ ಅಂತು ಅಂತ. ಅಸ್ರು ಗಾಜಿನ್ ಬಳೆ ಅಂದೆ. ಓದ್ತಾ ಓದ್ತಾನೇ ನೀನು ಅಂಗೇ ಬಿಸ್ಲು ನೋಡ್ತಿದ್ದೆ.’

ಶಾಹೀನ್‌ಳ ಕೈಯಲ್ಲಿದ್ದ ಲೋಟ ನೆಲಕ್ಕೆ ಇಳಿಯಿತು. ‘ಹಸಿರು ಅಂತಾನೇ ಬರೆದಿದ್ದೆ,’ ಎಂದಳು. ನಾನು ಹಾಗೆ ಓದಿದ ನೆನಪು ನನಗಿಲ್ಲ. ಕೈ ಕಂಡ ಮಧ್ಯಾಹ್ನ ನನ್ನ ಕಣ್ಣು ನೆಲದ ಮೇಲಿದ್ದಾಗ ಬಾಯಿ ಓದುತ್ತಲೇ ಇತ್ತಲ್ಲ, ಅದು ಏನನ್ನು ಓದುತ್ತಿತ್ತು ಎಂದು ಈಗಲೂ ಗೊತ್ತಿಲ್ಲ. ಮೂವರೂ ಗಾಜಿನ ಹೆಂಚಿನ ಕೆಳಗಿನ ಬಿಸಿಲನ್ನು ನೋಡಿದೆವು. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲವೆಂದು ಖಾತ್ರಿಯಾಗುವವರೆಗೆ ನೋಡಿದೆವು.

ಅಲ್ಲಿಂದ ಮೊದಲು ಕಣ್ಣು ತೆಗೆದವರು ಅತ್ತೆಯೇ. ಕಥೆ ಬರೆದವಳು ಇವಳೇ ಎಂದು ನಾನು ತಿಳಿಸಿ ಹೇಳಿದ್ದನ್ನು ಅವರು ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ‘ಆ ಕಡೇದು ಏನಾಯ್ತವ್ವ? ನಮ್ ಪೂರಿಗಾಲೀಲಿ ಎಲ್ರೂ ಕೇಳುದ್ರು, ನಂಗೆ ಯೋಳಕ್ಕಾಗ್ನಿಲ್ಲ,’ ಎಂದು ಶಾಹೀನ್‌ಳನ್ನೇ ವಿಚಾರಿಸಿದರು. ನನಗೂ ಗೊತ್ತಿಲ್ಲ ಎಂದಳು ಅವಳು. ‘ಪಂಕ್ತೀಲಿ ಅದೇ ಜಗಳ. ನಮ್ ತಮ್ಮ ಅಂದ, ಕೂಗ್ಬುಡ್ಲಿ, ನೆರಳು ಬತ್ತದೆ ಅಂತ. ಎಂಗುಸ್ರೆಲ್ಲ ಅವ್ನ್ ಮ್ಯಾಲೆ ಬಿದ್ರು. ನೆರಳು ತಾನಾಗೇ ಓಗಿರೋದು, ಎಳ್ಕೊಂಡ್ ಬಂದ್ರೆ ನಿಂತದಾ? ಆ ಇಬ್ರುನ್ನೂ ಒಂದ್ ಮನೇಲಿ ಇಕ್ಕುದ್ರೆ ಸರೋಯ್ತದೆ, ಯಾರ್ ನೆರಳು ಯಾರ್ ತಾವ ಅದೆ ಅಂತ ಯಾರ್ ನೋಡಾರು, ಅಂದ್ರು. ಅಷ್ಟೊತ್ಗೆ ಸಾರು ಬಂತು.’

ಶಾಹೀನ್ ನಗಲು ಹೋದಳು, ಅಳು ಬಂದುಬಿಟ್ಟಿತು. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಕಾರಣ ಕೇಳಲಿಲ್ಲ, ಬೆಲ್ಲ ಹಾಕಿದ ಹುಣಸೆಹಣ್ಣಿನ ಉಂಡೆಯೊಂದನ್ನು ಅವಳ ಕೈಗಿಟ್ಟು ಒಳಗೆ ಹೋದರು. ಇಂಥ ಹೊತ್ತಿನಲ್ಲಿ ವಿಶಾಲ ಮನಸ್ಸಿನವರು ಏನು ಮಾಡಬೇಕೆಂದು ನನಗೆ ತಿಳಿಯದೆ ಹಾಳೆಗಳನ್ನು ಜೋಡಿಸುತ್ತಾ ಕೂತಿದ್ದೆ. ಹೊರಡುವಾಗ ಅವಳು ಕಟ್ಟನ್ನು ತೆಗೆದುಕೊಳ್ಳಲಿಲ್ಲ. ‘ಭಾನುವಾರ ಕಳೀಲಿ. ಆಮೇಲೆ ಹೇಳ್ತೀನಿ. ಬೇಡ ಅಂದ್ರೆ ಒಲೆಗೆ ಹಾಕಿಬಿಡಿ’ ಎಂದಳು. ನಮ್ಮ ಮನೆಯಲ್ಲಿರುವುದು ಗ್ಯಾಸ್ ಎಂದು ಹೇಳಲು ಬಾಯಿ ತೆರೆದು, ಆ ದಿನದ ಮಟ್ಟಿಗೆ ನನ್ನ ಬಾಯಿ ಮಾಡಿದ್ದು ಸಾಕೆಂದು ಮುಚ್ಚಿಕೊಂಡೆ.

ಅವಳ ಫೋನ್ ಬಂದದ್ದು ಭಾನುವಾರವಲ್ಲ, ಅದರ ಹಿಂದಿನ ದಿನವೇ. ಧ್ವನಿ ಬೇರೆಯಾಗಿತ್ತು. ಆ ಮಧ್ಯಾಹ್ನ ತಸ್ಲೀಮಳ ತಾಯಿ ಮೆಣಸಿನಕಾಯಿ ಹರಡುವ ನೆಪ ಹೇಳಿ ಮಗಳನ್ನು ತಾರಸಿಗೆ ಕರೆದುಕೊಂಡು ಹೋಗಿದ್ದಾರೆ. ನಡುವೆ ನಿಲ್ಲಿಸಿ ಅವಳ ಕಾಲ ಬಳಿ ನೋಡಿದ್ದಾರೆ. ನೆಲ ಬರಿದಾಗಿತ್ತು. ಒಂದು ಸುತ್ತು ಬಂದು ನೋಡಿದ್ದಾರೆ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಎಲ್ಲಿಯೂ ನೆರಳಿಲ್ಲ. ಕಿರುಚಲಿಲ್ಲವಂತೆ. ಮೆಣಸಿನಕಾಯಿ ಬುಟ್ಟಿಯ ಪಕ್ಕ ಕೂತು, ‘ಯಾರ ಹತ್ತಿರ ಇದೆ?’ ಎಂದು ಕೇಳಿದರಂತೆ. ತಸ್ಲೀಮ, ‘ಮದ್ದೂರಲ್ಲಿದೆ ಅಮ್ಮಿ’ ಎಂದಳಂತೆ.

‘ಆಮೇಲೆ?’ ಎಂದೆ.

‘ಕೆಳಗೆ ಬಂದು ನೀರು ಕುಡಿದು, ಗಂಡಿನ ಕಡೆಯವರಿಗೆ ಫೋನ್ ಮಾಡಿ, ಹುಡುಗಿಗೆ ಹುಷಾರಿಲ್ಲ, ಸದ್ಯಕ್ಕೆ ಬರೋದು ಬೇಡ ಅಂದ್ರಂತೆ. ಬೇರೆ ಒಂದು ಮಾತೂ ಇಲ್ಲ. ಸಂಜೆ ನನಗೆ ಅವರೇ ಫೋನ್ ಮಾಡಿದ್ರು. ಬಹಳ ದಿನ ಆಯ್ತು ಬಂದು, ಬಾ, ಊಟ ಮಾಡ್ಕೊಂಡು ಹೋಗು ಅಂದ್ರು.’

ನಾನು ಕುರ್ಚಿ ಎಳೆದುಕೊಂಡು ಕೂತೆ. ‘ನಿಜವಾಗಲೂ ನೆರಳಿರಲಿಲ್ಲವಾ?’ ಎಂದು ಪಿಸುಗುಟ್ಟಿದೆ. ಅವಳು ಟೀಚರ್ ಧ್ವನಿಯಲ್ಲಿ ಹೇಳಿದಳು. ‘ವರ್ಷಕ್ಕೆ ಎರಡು ಸಲ ನಮ್ಮ ಕಡೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ ಮೇಡಂ. ಆ ಹೊತ್ತಲ್ಲಿ ನೆಟ್ಟಗೆ ನಿಂತ ಯಾವುದಕ್ಕೂ ನೆರಳು ಕಾಣೋದಿಲ್ಲ. ಅದು ಇವತ್ತು. ಅಮ್ಮಿಗೂ ನೆರಳಿರಲಿಲ್ಲ. ಅವರು ಮಗಳ ಕಾಲು ನೋಡಿದ್ರು, ತಮ್ಮ ಕಾಲು ನೋಡ್ಕೊಳ್ಳಲಿಲ್ಲ.’ ತಸ್ಲೀಮಳಿಗೆ ಇದು ಗೊತ್ತಿತ್ತೇ ಎಂದು ಕೇಳಿದೆ. ‘ಹೋದ ವರ್ಷ ನಮ್ಮ ಸ್ಕೂಲ್ ಅಂಗಳದಲ್ಲಿ ಕೋಲು ನಿಲ್ಲಿಸಿ ಮಕ್ಕಳಿಗೆ ತೋರಿಸಿದಾಗ ಅವಳೂ ಬಂದಿದ್ಲು,’ ಎಂದಳು. ಫೋನ್ ಇಡುವ ಮೊದಲು, ‘ಕಡೇ ಅಧ್ಯಾಯ ಬರೀತಿದ್ದೀನಿ. ನನ್ನ ಹೆಸರಲ್ಲೇ ಬರಲಿ. ಆ ಬಳೆಯ ವಾಕ್ಯ ಮತ್ತೆ ಸೇರಿಸಿಬಿಡಿ, ನಿಮ್ಮ ಅತ್ತೆ ಹೇಗೆ ಹೇಳಿದ್ರೋ ಹಾಗೇ’ ಎಂದಳು. ಸೇರಿಸಿದೆ. ಈ ಸಲ ಮನಸ್ಸಿನಲ್ಲೇ ಓದಿಕೊಂಡೆ.

ಇಷ್ಟೆಲ್ಲ ಆದಮೇಲೆ ನನ್ನ ಕಾಯಿಲೆ ವಾಸಿಯಾಗಬೇಕಿತ್ತು. ಸೂರ್ಯ, ನೆತ್ತಿ, ಕೋಲು ಎಲ್ಲವೂ ನನಗೆ ಅರ್ಥವಾಗಿತ್ತು. ಆದರೂ ಮೊನ್ನೆ ಸಂಡಿಗೆ ತೆಗೆಯಲು ತಾರಸಿಗೆ ಹೋದವಳು, ಇಳಿಬಿಸಿಲಲ್ಲಿ ನಿಂತು ಮೆಲ್ಲಗೆ ನನ್ನ ನೆರಳನ್ನು ನೋಡಿಕೊಂಡೆ. ಪೂರ್ತಿ ಇತ್ತು. ತಲೆ, ಭುಜ, ಸೀರೆಯ ನೆರಿಗೆ ಎಲ್ಲ ಸರಿಯಾಗಿತ್ತು, ನನ್ನ ಕಾಲಿಗೇ ಅಂಟಿಕೊಂಡಿತ್ತು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಇದು ಒಂದು ಸಲವಾದರೂ ಎಲ್ಲಿಗಾದರೂ ಹೋಗಿತ್ತೇ ಎಂದು ಯೋಚನೆ ಹತ್ತಿತು. ಒಂದು ಹೆಜ್ಜೆ ಇಟ್ಟು ನೋಡಿದೆ, ಬಂತು. ಹಿಂದೆ ಸರಿದೆ, ಬಂತು. ಒಳ್ಳೆ ಕೆಲಸದಾಳಿನಂತೆ ಹೇಳಿದಲ್ಲಿಗೆಲ್ಲ ಬಂತು. ಆಗ ನಮ್ಮೆಜಮಾನರು ಮೆಟ್ಟಿಲು ಹತ್ತಿ ಬಂದು, ‘ಏನೇ ಹುಡುಕ್ತಿದ್ದೀಯ?’ ಎಂದರು. ಏನೆಂದು ಹೇಳಲಿ? ‘ಓಲೆ ಬಿದ್ದೋಯ್ತು’ ಎಂದೆ. ‘ಅಯ್ಯೋ, ಎಲ್ಲಿ?’ ಎಂದು ಅವರು ಕನ್ನಡಕ ಸರಿಮಾಡಿಕೊಂಡು, ಮಂಡಿ ನೋವಿನಲ್ಲೂ ಬಗ್ಗಿ, ಸಂಡಿಗೆಯ ಬಟ್ಟೆ ಎತ್ತಿ, ನೀರಿನ ತೊಟ್ಟಿಯ ಸಂದಿಯಲ್ಲಿ ಕೈ ಹಾಕಿ ಹುಡುಕತೊಡಗಿದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಎರಡು ಓಲೆಯೂ ನನ್ನ ಕಿವಿಯಲ್ಲೇ ಇದ್ದವು, ಅವರು ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ. ಬಗ್ಗಿದವರ ನೆರಳು ಬಂದು ನನ್ನ ಪಾದದ ಮೇಲೆ ಬಿದ್ದಿತ್ತು. ಇನ್ನೂ ಸ್ವಲ್ಪ ಹೊತ್ತು ಹುಡುಕಲಿ ಎಂದು ನಾನು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ನಿಂತೆ.